ಮೊದಲು ಓದಿಸಿ ನೋಡಿ

ಸೊರಗಿದ ಸರ್ಕಾರಿ ಶಾಲೆಯನ್ನು ಸರಿಪಡಿಸಬೇಕೆಂದು ಊರು ಮನಸ್ಸು ಮಾಡಿದಾಗ ಸಾಮಾನ್ಯವಾಗಿ ಮೊದಲು ಬರುವುದು ಬಣ್ಣದ ಡಬ್ಬಿ. ಹಳೆಯ ವಿದ್ಯಾರ್ಥಿಗಳು ಚಂದಾ ಎತ್ತುತ್ತಾರೆ, ಗೋಡೆಯ ಮೇಲೆ ರೈಲುಬೋಗಿಯ ಚಿತ್ರ ಬರೆಸುತ್ತಾರೆ, ಕಾಂಪೌಂಡಿಗೆ ಗೇಟು ಕೂರಿಸುತ್ತಾರೆ. ದುಡ್ಡು ಮಿಕ್ಕರೆ ಸ್ಮಾರ್ಟ್ ಟಿವಿಯೂ ಬರುತ್ತದೆ. ಇವು ಯಾವುವೂ ಬೇಡದ ಕೆಲಸಗಳಲ್ಲ. ಆದರೆ ಮರುವರ್ಷ ಅದೇ ಶಾಲೆಯ ಐದನೇ ತರಗತಿಯ ಹುಡುಗಿಯ ಕೈಗೆ ಎರಡನೇ ತರಗತಿಯ ಪುಸ್ತಕ ಕೊಟ್ಟರೆ, ಅವಳು ಹೋದ ವರ್ಷ ತಡವರಿಸಿದ ಸಾಲಿನಲ್ಲೇ ಈ ವರ್ಷವೂ ತಡವರಿಸುತ್ತಾಳೆ. ಗೋಡೆ ಬದಲಾಗಿರುತ್ತದೆ, ಅವಳ ಓದು ಬದಲಾಗಿರುವುದಿಲ್ಲ.

ಈ ಬರಹ ಅಂಥ ಶಾಲೆಯ ಮುಖ್ಯ ಶಿಕ್ಷಕರಿಗೆ, ಸಹಶಿಕ್ಷಕರಿಗೆ ಮತ್ತು ಶಾಲಾಭಿವೃದ್ಧಿ ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯಲ್ಲಿರುವ ತಂದೆತಾಯಿಗಳಿಗೆ. ಇಬ್ಬರು ಅಥವಾ ಮೂವರು ಶಿಕ್ಷಕರು, ಐವತ್ತು ಅರವತ್ತು ಮಕ್ಕಳು ಇರುವ ಹಳ್ಳಿಯ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನಮ್ಮ ರಾಜ್ಯದಲ್ಲಿ ಅಂಥವೇ ಹೆಚ್ಚು. ಇಲ್ಲಿ ಹೇಳುವುದಕ್ಕೆ ಹೊಸ ಆದೇಶ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ. ಪ್ರತಿ ಮಗುವಿಗೆ ಇವತ್ತು ಏನು ಓದಲು ಬರುತ್ತದೆ, ಯಾವ ಲೆಕ್ಕ ಮಾಡಲು ಬರುತ್ತದೆ ಎಂದು ಖಚಿತವಾಗಿ ತಿಳಿದುಕೊಂಡು ಶಾಲೆಯ ಸಮಯವನ್ನು ಅದಕ್ಕೆ ತಕ್ಕಂತೆ ಮತ್ತೆ ಹಂಚಿಕೊಳ್ಳಬೇಕು. ಉಳಿದ ಸುಧಾರಣೆಗಳೆಲ್ಲ ಇದಾದ ಮೇಲೆ.

ಒಂದು ಹಾಳೆ, ಒಂದು ಮಗು

ಶಾಲೆ ಶುರುವಾದ ಹೊಸದರಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ನೋಡಲು ನಡೆಯುವ ಸೇತುಬಂಧವನ್ನೇ ಇದಕ್ಕೆ ಬಳಸಿಕೊಳ್ಳಬಹುದು. ಅದರ ಪೂರ್ವ ಪರೀಕ್ಷೆ ಬಹಳ ಕಡೆ ಬರವಣಿಗೆಯಲ್ಲೇ, ಇಡೀ ತರಗತಿಗೆ ಒಟ್ಟಿಗೆ ನಡೆದುಹೋಗುತ್ತದೆ. ಓದಲು ಬಾರದ ಮಗು ಪಕ್ಕದವರದ್ದನ್ನು ನೋಡಿ ಬರೆದು ಮುಗಿಸುತ್ತದೆ. ಹಾಗಾಗಿ ಮಗುವಿನ ತೊಡಕು ಉತ್ತರದ ಹಾಳೆಯಲ್ಲಿ ಕಾಣುವುದಿಲ್ಲ. ಮೂರನೇ ತರಗತಿಯಿಂದ ಮೇಲಿನ ಪ್ರತಿ ಮಗುವನ್ನೂ ಒಂಟಿಯಾಗಿ, ಜಗುಲಿಯ ಮೂಲೆಯಲ್ಲೋ ಮರದ ಕೆಳಗೋ ಕೂರಿಸಿಕೊಂಡು ಓದಿಸಿ. ಒಬ್ಬರಿಗೆ ಐದಾರು ನಿಮಿಷ ಸಾಕು. ಮೂವರು ಶಿಕ್ಷಕರು ಹಂಚಿಕೊಂಡರೆ ಕೆಲವೇ ಬೆಳಗುಗಳಲ್ಲಿ ಮುಗಿಯುತ್ತದೆ. ಸಾಧ್ಯವಾದರೆ ಮಗುವಿನ ತರಗತಿ ಶಿಕ್ಷಕರನ್ನು ಬಿಟ್ಟು ಬೇರೆಯವರು ಓದಿಸಲಿ. ತಮ್ಮ ಮಕ್ಕಳೆಂಬ ಮಮತೆಯಿಂದ ಅರ್ಧ ಪದವನ್ನು ನಾವೇ ಹೇಳಿಕೊಟ್ಟುಬಿಡುತ್ತೇವೆ.

ಓದಿಸುವ ಹಾಳೆಯನ್ನು ನೀವೇ ಸಿದ್ಧಮಾಡಿಕೊಳ್ಳಬಹುದು. ಪ್ರಥಮ್ ಸಂಸ್ಥೆಯವರು 2005ರಿಂದ ಹಳ್ಳಿಗಳಲ್ಲಿ ನಡೆಸುತ್ತ ಬಂದಿರುವ ‘ಅಸರ್’ ಸಮೀಕ್ಷೆಯ ಹಾಳೆಯಲ್ಲಿ ನಾಲ್ಕು ಮೆಟ್ಟಿಲುಗಳಿವೆ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪುಟ್ಟ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಕನ್ನಡಕ್ಕೆ ಇನ್ನೆರಡು ಮೆಟ್ಟಿಲು ಸೇರಿಸಿಕೊಳ್ಳುವುದು ಒಳ್ಳೆಯದು. ಮೂಲಾಕ್ಷರಗಳಾದ ಮೇಲೆ ಕಿ, ಮೂ, ಸೇ, ಗೌ ಮುಂತಾದ ಕಾಗುಣಿತದ ಅಕ್ಷರಗಳು. ಸರಳ ಪದಗಳಾದ ಮೇಲೆ ಅಕ್ಕ, ಕತ್ತೆ, ಪುಸ್ತಕ, ಚಂದ್ರ ಮುಂತಾದ ಒತ್ತಕ್ಷರದ ಪದಗಳು. ಪ್ಯಾರಾ ಮತ್ತು ಕಥೆಯಲ್ಲಿ ನಿಮ್ಮ ಊರಿನ ಜೋಳ, ಕೆರೆ, ಸಂತೆ, ಎಮ್ಮೆ ಬರಲಿ. ಕಥೆ ಓದಿದ ಮಗುವಿಗೆ ಎರಡು ಪ್ರಶ್ನೆ ಕೇಳಿ. ಸರಾಗವಾಗಿ ಓದಿಯೂ ಏನು ಓದಿದೆ ಎಂದು ಹೇಳಲಾರದ ಮಕ್ಕಳು ಸಿಗುತ್ತಾರೆ. ಅವರನ್ನು ಬೇರೆಯೇ ಗುರುತು ಹಾಕಿಕೊಳ್ಳಿ.

ಶುರುಮಾಡುವುದು ಪ್ಯಾರಾದಿಂದ. ಅದು ಬಂದರೆ ಕಥೆಗೆ ಹತ್ತಿಸಿ, ಬಾರದಿದ್ದರೆ ಪದಕ್ಕೆ, ಅಲ್ಲಿಂದ ಅಕ್ಷರಕ್ಕೆ ಇಳಿಸಿ. ಐದನೇ ತರಗತಿಯ ಹುಡುಗನ ಮುಂದೆ ಮೊದಲಿಗೇ ‘ಅ’ ಹಿಡಿದರೆ ಅವನು ಅವಮಾನದಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ. ಲೆಕ್ಕಕ್ಕೂ ಇದೇ ಕ್ರಮ: ಒಂದಂಕಿಯ ಸಂಖ್ಯೆ ಗುರುತಿಸುವುದು, ಎರಡಂಕಿಯದ್ದು, ದಶಕ ಪಡೆದು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಅಂಕ ಕೊಡಬೇಡಿ. ಹೆಸರಿನ ಮುಂದೆ ಮಗು ಯಾವ ಮೆಟ್ಟಿಲಲ್ಲಿದೆ ಎಂದಷ್ಟೇ ಬರೆಯಿರಿ, ಆ ಪಟ್ಟಿಯನ್ನು ಮಕ್ಕಳ ಮುಂದೆ ಓದಿ ಹೇಳಬೇಡಿ.

ಪಟ್ಟಿ ಕೈಗೆ ಬಂದಾಗ ಒಂದು ವಿಷಯಕ್ಕೆ ಸಿದ್ಧರಾಗಿರಬೇಕು. ನೋಟ್‌ಬುಕ್ಕಿನಲ್ಲಿ ಮುತ್ತಿನಂತೆ ದುಂಡಗೆ ಬರೆದಿರುವ ಕೆಲವು ಮಕ್ಕಳು ತಾವು ಬರೆದದ್ದನ್ನೇ ಓದಲಾರರು. ಕರಿಹಲಗೆಯಿಂದ ಪ್ರಶ್ನೋತ್ತರ ನಕಲು ಮಾಡುವುದು ಕೈಯ ಕೆಲಸ. ಎಷ್ಟೋ ಶಾಲೆಗಳಲ್ಲಿ ವರ್ಷಪೂರ್ತಿ ನಡೆಯುವ ‘ಬರವಣಿಗೆ’ ಇಷ್ಟೇ. ಇನ್‌ಸ್ಪೆಕ್ಷನ್ನಿಗೆ ಬಂದವರು ಕೆಂಪು ಶಾಯಿಯ ಟಿಕ್ಕು ನೋಡುತ್ತಾರೆ, ಮನೆಯಲ್ಲಿ ಅಪ್ಪ ತುಂಬಿದ ನೋಟ್‌ಬುಕ್ ನೋಡುತ್ತಾನೆ, ಎಲ್ಲರಿಗೂ ಸಮಾಧಾನವಾಗುತ್ತದೆ. ನನ್ನ ಮಟ್ಟಿಗೆ ಸೊರಗಿದ ಶಾಲೆಯ ಮೊದಲ ಲಕ್ಷಣವೇ ಈ ನಕಲು ಬರವಣಿಗೆ. ಅದನ್ನು ಅರ್ಧಕ್ಕೆ ಇಳಿಸಿದರೆ ದಿನಕ್ಕೆ ಅರ್ಧ ಗಂಟೆಯಾದರೂ ಮಿಗುತ್ತದೆ.

ಕನ್ನಡದ ಓದು ಎಲ್ಲಿ ಸಿಕ್ಕಿಕೊಳ್ಳುತ್ತದೆ

ವರ್ಣಮಾಲೆ ಬಂದ ಮಗುವಿಗೆ ಓದು ಬಂತೆಂದು ತಿಳಿಯುವುದು ನಮ್ಮಲ್ಲಿ ಹಳೆಯ ಅಭ್ಯಾಸ. ವರ್ಣಮಾಲೆಯ ಆಚೆ ಕಾಗುಣಿತ ಇದೆ, ಅದರಾಚೆ ಒತ್ತಕ್ಷರಗಳಿವೆ; ಎಲ್ಲ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಕಲಿಯುವ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಈ ಅಕ್ಷರಜ್ಞಾನ ಒಂದೆರಡು ವರ್ಷಕ್ಕೆ ಮುಗಿಯದೆ ಮೂರು ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ತೋರಿಸಿತು. ಮೂರನೇ ತರಗತಿಯ ಮಗು ‘ಷ್ಟ್ರ’ದ ಮುಂದೆ ನಿಂತುಬಿಟ್ಟರೆ ಅದು ದಡ್ಡತನವಲ್ಲ. ಆದರೆ ನಾಲ್ಕನೇ ತರಗತಿಯಲ್ಲಿ ಅಕ್ಷರ ಕಲಿಸುವುದನ್ನೇ ನಿಲ್ಲಿಸಿಬಿಟ್ಟರೆ ಆ ಮಗು ಅಲ್ಲೇ ಉಳಿಯುತ್ತದೆ.

ಒಂದರಿಂದ ಮೂರನೇ ತರಗತಿಯವರೆಗಿನ ನಲಿ-ಕಲಿಯ ವಿಷಯ ಇಲ್ಲಿ ಬರಲೇಬೇಕು. ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಶಿಕ್ಷಕರು, ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭಿಸಿದ ಕ್ರಮ ಅದು. 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಮಕ್ಕಳು ‘ಅ ಆ ಇ ಈ’ ಬಿಟ್ಟು ‘ರ ಗ ಸ ದ ಅ’ದಿಂದ ಶುರುಮಾಡುತ್ತಾರೆ. ಐದೇ ಅಕ್ಷರ ಕಲಿತ ಮಗು ಸರ, ರಸ, ಗರಗಸ, ಅರಸ, ಅಗಸ ಎಂದು ಅರ್ಥವಿರುವ ಪದಗಳನ್ನೇ ಓದಿಬಿಡುತ್ತದೆ. ಕಾರ್ಡುಗಳ ಕಲಿಕಾ ಏಣಿಯಲ್ಲಿ ಪ್ರತಿ ಮಗು ತನ್ನ ವೇಗಕ್ಕೆ ತಕ್ಕಂತೆ ಹತ್ತುತ್ತದೆ, ನಾಲ್ಕು ದಿನ ತಪ್ಪಿಸಿಕೊಂಡು ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಸಣ್ಣ ಶಾಲೆಗೆ ಇದಕ್ಕಿಂತ ಹೊಂದುವ ಕ್ರಮ ನನಗೆ ಕಂಡಿಲ್ಲ.

ತೊಡಕಿರುವುದು ನಲಿ-ಕಲಿ ಮುಗಿಯುವ ಜಾಗದಲ್ಲಿ. ಮೂರನೇ ತರಗತಿ ಮುಗಿಸಿದ ಮಗು ಏಣಿಯ ನಡುವೆಯೇ ಇರಬಹುದು. ಜೂನ್ ಬಂದೊಡನೆ ಅದನ್ನು ನಾಲ್ಕನೇ ತರಗತಿಯ ಬೆಂಚಿನ ಮೇಲೆ ಕೂರಿಸಿ ದಪ್ಪ ಪಠ್ಯಪುಸ್ತಕ ಕೊಡುತ್ತೇವೆ. ಏಣಿ ಇಲ್ಲ, ಕಾರ್ಡು ಇಲ್ಲ, ಗುಂಪು ಇಲ್ಲ. ನಲಿ-ಕಲಿ ಶಿಕ್ಷಕಿ ಇಟ್ಟಿದ್ದ ಪ್ರಗತಿ ನೋಟ ಬೀರುವಿನಲ್ಲೇ ಉಳಿದುಹೋಗುತ್ತದೆ. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಮೂರನೇ ತರಗತಿಯ ಪ್ರಗತಿ ನೋಟ ನಾಲ್ಕನೇ ತರಗತಿಯವರ ಕೈಗೆ ಬರಬೇಕು, ಬೇಕಾದ ಕಾರ್ಡುಗಳನ್ನೂ ಅವರು ಎರವಲು ಪಡೆಯಬೇಕು. ನಾಲ್ಕನೇ ತರಗತಿಯವರು ನಲಿ-ಕಲಿ ಕಾರ್ಡು ಮುಟ್ಟಬಾರದೆಂದು ಯಾರೂ ಹೇಳಿಲ್ಲ.

ಇನ್ನು ದಿನನಿತ್ಯದ ಕೆಲಸ. ಕಾಗುಣಿತವನ್ನು ರಾಗವಾಗಿ ಹೇಳಿಸುವುದು ಕೆಟ್ಟದ್ದೇನಲ್ಲ, ಆದರೆ ಅಲ್ಲಿಗೇ ನಿಲ್ಲಿಸಿದರೆ ಮಗುವಿಗೆ ಸಿಗುವುದು ರಾಗ ಮಾತ್ರ. ಹಲಗೆಯ ಮೇಲೆ ‘ಕರಿ, ಕಿರಿ, ಕುರಿ, ಕೇರಿ’ ಬರೆದು ಒಂದು ಗುಣಿತ ಬದಲಾದರೆ ಪದವೇ ಬದಲಾಗುವುದನ್ನು ತೋರಿಸಿ. ಹಳೆಯ ದಿನಪತ್ರಿಕೆ ಕೊಟ್ಟು ‘ಲಿ’ ಇರುವ ಕಡೆಯೆಲ್ಲ ಸುತ್ತು ಹಾಕಿಸಿ. ಒತ್ತಕ್ಷರಗಳಲ್ಲಿ ಸಜಾತೀಯ ಮೊದಲು: ಅಪ್ಪ, ಬೆಲ್ಲ, ಹಗ್ಗ, ದಡ್ಡ. ಅದರಲ್ಲೂ ಒತ್ತು ಮೂಲಾಕ್ಷರದಂತೆಯೇ ಕಾಣುವ ಗ್ಗ, ಡ್ಡಗಳನ್ನು ಮುಂದಿಟ್ಟು, ರೂಪವೇ ಬೇರೆಯಾಗುವ ತ, ನ, ಮ, ಯ, ರ ಒತ್ತುಗಳನ್ನು ಒಂದೊಂದಾಗಿ, ಒಂದೊಂದು ವಾರ ಹಿಡಿದು ಕಲಿಸಿ. ವಿಜಾತೀಯ ಆಮೇಲೆ, ಅರ್ಕಾವತ್ತು ಕೊನೆಗೆ. ದಿನಕ್ಕೆ ಐದು ಪದಗಳ ಉಕ್ತಲೇಖನ ಇರಲಿ. ಮಗು ತಪ್ಪಾಗಿ ಬರೆದ ಪದವೇ ನಾಳೆಯ ಪಾಠ ಯಾವುದೆಂದು ಶಿಕ್ಷಕರಿಗೆ ಹೇಳಿಕೊಡುತ್ತದೆ. ನಕಲು ಬರವಣಿಗೆಯಿಂದ ಈ ಉಪಯೋಗ ಇಲ್ಲ.

ಇದೆಲ್ಲಕ್ಕಿಂತ ಮುಖ್ಯವಾದದ್ದು, ಬಹಳ ಶಾಲೆಗಳಲ್ಲಿ ನಡೆಯದೇ ಇರುವುದು: ಶಿಕ್ಷಕರು ಮಕ್ಕಳಿಗೆ ದಿನಾ ಕಥೆ ಓದಿ ಹೇಳುವುದು. ಹೇಳುವುದಲ್ಲ, ಪುಸ್ತಕ ಹಿಡಿದು ಓದುವುದು. ಹತ್ತು ನಿಮಿಷ ಸಾಕು. ಸಾಲಿನ ಕೆಳಗೆ ಬೆರಳಿಟ್ಟು ಓದಿ, ಅದೇ ಪುಟವನ್ನು ಎಲ್ಲರೂ ಸೇರಿ ಓದಿ, ಆಮೇಲೆ ಇಬ್ಬಿಬ್ಬರೇ ಓದಲಿ. ಮಕ್ಕಳ ಮನೆಯಲ್ಲಿ ಪುಸ್ತಕ ಇರುವುದಿಲ್ಲ, ಓದುವ ದನಿ ಹೇಗಿರುತ್ತದೆ ಎಂದು ಅವರು ಕೇಳಿಯೇ ಇರುವುದಿಲ್ಲ. ಪುಸ್ತಕಕ್ಕೆ ಹಣವಿಲ್ಲ ಎನ್ನುವಂತಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಶಾಲೆಯಲ್ಲೇ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಪುಸ್ತಕಗಳಿದ್ದರೆ ಮೊದಲು ಅವನ್ನು ದಾರಕ್ಕೆ ತೂಗುಹಾಕಿ. ಹರಿದರೆ ಹರಿಯಲಿ, ಓದಿ ಹರಿದ ಪುಸ್ತಕಕ್ಕೆ ಯಾರೂ ದಂಡ ಹಾಕಬಾರದು.

ಮನೆಮಾತಿನ ಪ್ರಶ್ನೆಯೂ ಇಲ್ಲೇ ಬರುತ್ತದೆ. ತಾಂಡಾದ ಮಗು ಲಂಬಾಣಿ ಆಡುತ್ತದೆ, ಕರಾವಳಿಯಲ್ಲಿ ತುಳು, ಗಡಿಯಲ್ಲಿ ತೆಲುಗು, ಮರಾಠಿ, ಪೇಟೆಯ ಓಣಿಯಲ್ಲಿ ಉರ್ದು. ಕನ್ನಡದ ಮನೆಯ ಮಗು ಕೂಡ ‘ಹೊಂಟೀನ್ರಿ’, ‘ಹೊಯ್ತಾ ಇವ್ನಿ’ ಎನ್ನುವುದು, ಪುಸ್ತಕದ ‘ಹೋಗುತ್ತಿದ್ದೇನೆ’ ಅದಕ್ಕೆ ದೂರದ ಮಾತು. ಮಗು ತನ್ನ ಮಾತಿನಲ್ಲಿ ಹೇಳಿದ ಒಂದು ವಾಕ್ಯವನ್ನು ಶಿಕ್ಷಕರು ಹಲಗೆಯ ಮೇಲೆ ಹಾಗೆಯೇ ಬರೆಯಲಿ, ಅದನ್ನೇ ಓದಿಸಲಿ. ತಾನು ಆಡಿದ ಮಾತು ಅಕ್ಷರವಾಗಿ ಕಂಡಾಗ ಮಗುವಿಗೆ ಓದಿನ ಅರ್ಥ ಹೊಳೆಯುತ್ತದೆ. ಪುಸ್ತಕದ ರೂಪವನ್ನು ಅದರ ಪಕ್ಕದಲ್ಲೇ ಬರೆದು ತೋರಿಸಬಹುದು. ‘ಹಾಗನ್ನಬಾರದು, ತಪ್ಪು’ ಎಂದು ಮೊದಲ ದಿನವೇ ಗದರಿದರೆ ಆ ಮಗು ವರ್ಷಪೂರ್ತಿ ಬಾಯಿ ಬಿಡುವುದಿಲ್ಲ.

ಒಂದೂವರೆ ಗಂಟೆ ತರಗತಿ ಮರೆಯಿರಿ

ಪಟ್ಟಿ ಇದೆ, ಏನು ಕಲಿಸಬೇಕೆಂದೂ ಗೊತ್ತಿದೆ. ಒಂದೇ ತರಗತಿಯಲ್ಲಿ ಅಕ್ಷರದ ಮೆಟ್ಟಿಲಿನಿಂದ ಕಥೆಯ ಮೆಟ್ಟಿಲಿನವರೆಗಿನ ಮಕ್ಕಳು ಒಟ್ಟಿಗಿದ್ದರೆ ಶಿಕ್ಷಕರು ಯಾರಿಗೆ ಪಾಠ ಮಾಡಬೇಕು? ದಿನಕ್ಕೆ ಒಂದೂವರೆ ಗಂಟೆ ತರಗತಿಯ ಗೋಡೆಗಳನ್ನು ತೆಗೆದುಹಾಕಿ. ಮೂರರಿಂದ ಐದರವರೆಗಿನ ಮಕ್ಕಳನ್ನೆಲ್ಲ ಮಟ್ಟಕ್ಕೆ ತಕ್ಕಂತೆ ಮೂರು ಗುಂಪು ಮಾಡಿ. ಇಬ್ಬರೇ ಶಿಕ್ಷಕರಿದ್ದರೆ ಎರಡು ಗುಂಪು. ಅಕ್ಷರ ಮತ್ತು ಕಾಗುಣಿತದವರು ಒಂದು ಕಡೆ, ಪದ ಓದುವವರು ಇನ್ನೊಂದು ಕಡೆ, ಪ್ಯಾರಾ ದಾಟಿದವರು ಮತ್ತೊಂದು ಕಡೆ. ಮುಕ್ಕಾಲು ಗಂಟೆ ಓದು, ಮುಕ್ಕಾಲು ಗಂಟೆ ಲೆಕ್ಕ. ಓದಿನ ಗುಂಪೇ ಲೆಕ್ಕಕ್ಕೂ ಇರಬೇಕೆಂದಿಲ್ಲ. ಓದಿನಲ್ಲಿ ಹಿಂದಿರುವ ಮಗು ಲೆಕ್ಕದಲ್ಲಿ ಮುಂದಿರುವುದು ಸಾಮಾನ್ಯ. ಇಪ್ಪತ್ತು ದಿನಕ್ಕೊಮ್ಮೆ ಅದೇ ಹಾಳೆಯಂಥ ಇನ್ನೊಂದು ಹಾಳೆಯಲ್ಲಿ ಓದಿಸಿ, ಮುಂದೆ ಹೋದವರನ್ನು ಮುಂದಿನ ಗುಂಪಿಗೆ ಕಳಿಸಿ. ಗುಂಪಿಗೆ ಹೂವಿನ ಹೆಸರೋ ನದಿಯ ಹೆಸರೋ ಇರಲಿ. ಒಂದು, ಎರಡು, ಮೂರು ಬೇಡ.

ಈ ಕ್ರಮ ಹೊಸದಲ್ಲ. ಪ್ರಥಮ್ ಸಂಸ್ಥೆ ರೂಪಿಸಿದ ಇದನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಸಂಗಡಿಗರು ಹಲವು ರಾಜ್ಯಗಳಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಆ ಇಬ್ಬರೂ ಮೈಕೆಲ್ ಕ್ರೆಮರ್ ಜೊತೆ 2019ರ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಅವರ ಅಧ್ಯಯನದಲ್ಲಿ ನಮ್ಮ ಶಾಲೆಗಳು ಗಮನಿಸಬೇಕಾದ ಒಂದು ಅಂಶವಿದೆ. ಬಿಹಾರ, ಉತ್ತರಾಖಂಡಗಳಲ್ಲಿ ಶಿಕ್ಷಕರಿಗೆ ತರಬೇತಿ ಮತ್ತು ಸಾಮಗ್ರಿ ಮಾತ್ರ ಕೊಟ್ಟಾಗ ಮಕ್ಕಳ ಕಲಿಕೆ ಅಷ್ಟಾಗಿ ಬದಲಾಗಲಿಲ್ಲ. ಹರಿಯಾಣದಲ್ಲಿ ಇದಕ್ಕೆಂದೇ ದಿನದ ಒಂದು ಅವಧಿ ಮೀಸಲಿಟ್ಟು, ಮಕ್ಕಳನ್ನು ಮಟ್ಟಕ್ಕೆ ತಕ್ಕಂತೆ ನಿಜವಾಗಿ ಗುಂಪು ಮಾಡಿ, ಮೇಲ್ವಿಚಾರಕರು ಬಂದು ನೋಡುತ್ತಿದ್ದಾಗ ಅದೇ ಸರ್ಕಾರಿ ಶಿಕ್ಷಕರ ಕೈಯಲ್ಲಿ ಓದು ಸುಧಾರಿಸಿತು. ನಮ್ಮಲ್ಲಿಯೂ ನಾಲ್ಕು ಐದನೇ ತರಗತಿಗೆ ಇಂಥದ್ದೇ ‘ಓದು ಕರ್ನಾಟಕ’ ಕಾರ್ಯಕ್ರಮ ಬಂದಿದೆ. ಅದು ದಾಖಲೆಯ ಫೈಲಿನಲ್ಲಿ ನಡೆದ ಶಾಲೆಯೂ ಉಂಟು, ಮಕ್ಕಳ ನಾಲಿಗೆಯ ಮೇಲೆ ನಡೆದ ಶಾಲೆಯೂ ಉಂಟು. ವ್ಯತ್ಯಾಸ ಆ ಒಂದೂವರೆ ಗಂಟೆ ದಿನಾ ಸಿಕ್ಕಿತೇ ಇಲ್ಲವೇ ಎಂಬುದರಲ್ಲಿದೆ.

ಎರಡು ಆಕ್ಷೇಪ ಬಂದೇ ಬರುತ್ತವೆ. ಒಂದು, ‘ಪೋರ್ಷನ್ ಮುಗಿಯುವುದಿಲ್ಲ ಸಾರ್’. ಓದಲು ಬಾರದ ಮಗುವಿಗೆ ಪೋರ್ಷನ್ ಮುಗಿಸಿದ್ದು ಯಾರ ಲೆಕ್ಕಕ್ಕೆ? ಆಗಸ್ಟಿನಲ್ಲಿ ಓದು ಹತ್ತಿದ ಮಗು ಡಿಸೆಂಬರಿನಲ್ಲಿ ಪಾಠಗಳನ್ನು ಬೇಗ ಹಿಡಿಯುತ್ತದೆ, ಕಳೆದುಕೊಂಡ ಸಮಯ ಅಲ್ಲಿ ವಾಪಸು ಸಿಗುತ್ತದೆ. ಎರಡನೆಯದು, ‘ಹಿಂದುಳಿದ ಗುಂಪನ್ನು ಅತಿಥಿ ಶಿಕ್ಷಕರು ನೋಡಿಕೊಳ್ಳಲಿ’. ಇದನ್ನು ಒಪ್ಪಬಾರದು. ಅಕ್ಷರದ ಗುಂಪಿಗೆ ಶಾಲೆಯ ಅತ್ಯಂತ ಪಳಗಿದ ಶಿಕ್ಷಕರೇ ಬೇಕು, ಮುಖ್ಯ ಶಿಕ್ಷಕರಾದರೆ ಇನ್ನೂ ಒಳ್ಳೆಯದು. ಹೆಡ್‌ಮಾಸ್ಟರೇ ಆ ಮಕ್ಕಳ ನಡುವೆ ಚಾಪೆಯ ಮೇಲೆ ಕೂತಿದ್ದನ್ನು ನೋಡಿದ ಉಳಿದ ಶಿಕ್ಷಕರಿಗೆ ಬೇರೆ ಆದೇಶ ಬೇಕಾಗುವುದಿಲ್ಲ.

ಲೆಕ್ಕದ ಬಗ್ಗೆ ಚುಟುಕಾಗಿ. 52ರಲ್ಲಿ 27 ಕಳೆ ಎಂದರೆ 35 ಎಂದು ಬರೆಯುವ ಮಕ್ಕಳು ಎಲ್ಲ ಶಾಲೆಯಲ್ಲೂ ಇದ್ದಾರೆ. ಅವರು ದೊಡ್ಡ ಅಂಕಿಯಿಂದ ಸಣ್ಣ ಅಂಕಿ ಕಳೆದಿದ್ದಾರೆ, 7ರಲ್ಲಿ 2 ಹೋದರೆ 5. ಸ್ಥಾನಬೆಲೆ ತಿಳಿಯದೆ ಮತ್ತೆ ಮತ್ತೆ ಲೆಕ್ಕ ಮಾಡಿಸಿದರೆ ತಪ್ಪೇ ಗಟ್ಟಿಯಾಗುತ್ತದೆ. ಹತ್ತು ಕಡ್ಡಿಯ ಕಟ್ಟುಗಳನ್ನು ಕೊಟ್ಟು, ಕಟ್ಟು ಬಿಚ್ಚಿ ಬಿಡಿ ಮಾಡುವುದನ್ನು ಕೈಯಾರೆ ಮಾಡಿಸಿ. ಅಕ್ಷರ ಫೌಂಡೇಶನ್ ಸಹಯೋಗದ ‘ಗಣಿತ ಕಲಿಕಾ ಆಂದೋಲನ’ದ ಕಿಟ್ ನಿಮ್ಮ ಶಾಲೆಗೂ ಬಂದಿರಬಹುದು: ಮಣಿಚೌಕಟ್ಟು, ಆಟದ ನೋಟು, ಗಡಿಯಾರ, ಭಿನ್ನರಾಶಿಯ ತುಂಡುಗಳು. ಬೀರುವಿನಲ್ಲಿದ್ದರೆ ತೆಗೆಯಿರಿ. ವರ್ಷಕ್ಕೊಮ್ಮೆ ಮಕ್ಕಳ ಸಂತೆ ಮಾಡುವ ಶಾಲೆಗಳು ಆ ಒಂದು ದಿನ ಫೋಟೊ ತೆಗೆದು ಸುಮ್ಮನಾಗದೆ, ಸಂತೆಯ ಕೊಡುಕೊಳ್ಳುವ ಲೆಕ್ಕವನ್ನೇ ಒಂದು ವಾರ ತರಗತಿಯಲ್ಲಿ ಮಾಡಿಸಲಿ.

ಗಂಟೆಗಳು ಎಲ್ಲಿ ಹೋಗುತ್ತವೆ

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, 800 ಬೋಧನಾ ಗಂಟೆ ಇರಬೇಕು. ನಿಮ್ಮ ಶಾಲೆಯಲ್ಲಿ ನಿಜವಾಗಿ ಎಷ್ಟು ಗಂಟೆ ಪಾಠ ನಡೆಯುತ್ತದೆ? ಎರಡು ವಾರ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡಿ. ಪ್ರಾರ್ಥನೆ ಎಷ್ಟು ಹೊತ್ತು ಎಳೆಯಿತು, ಹಾಲು ಕುಡಿಸಿ ಲೋಟ ತೊಳೆಸುವಷ್ಟರಲ್ಲಿ ಎಷ್ಟಾಯಿತು, ಮೊಟ್ಟೆಯ ಲೆಕ್ಕ, ಮಕ್ಕಳ ದಾಖಲೆಯ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ಗೆ ಮಾಹಿತಿ ತುಂಬುವುದು, ತಕ್ಷಣ ಫೋಟೊ ಕಳಿಸಿ ಎಂಬ ವಾಟ್ಸ್‌ಆ್ಯಪ್ ಸಂದೇಶ, ಸಭೆ, ತರಬೇತಿ. ಯಾರ ಮೇಲೂ ದೂರು ಹೇಳುವುದಕ್ಕಲ್ಲ ಈ ಲೆಕ್ಕ. ಬರೆದು ನೋಡಿದರೆ ಮಾತ್ರ ಯಾವುದನ್ನು ಮೊಟಕು ಮಾಡಬಹುದು ಎಂದು ಕಾಣುತ್ತದೆ.

ಹಾಲು, ಮೊಟ್ಟೆ, ಬಿಸಿಯೂಟ ಕಡಿಮೆಯಾಗಬೇಕೆಂದು ನಾನು ಹೇಳುತ್ತಿಲ್ಲ. ಹಸಿದ ಮಗು ಓದಲಾರದು, ಬಿಸಿಯೂಟವೇ ಎಷ್ಟೋ ಮಕ್ಕಳನ್ನು ಶಾಲೆಯಲ್ಲಿ ಉಳಿಸಿದೆ. ಆದರೆ ಹಾಲು ಹಂಚುವಾಗ ಎಲ್ಲ ಶಿಕ್ಷಕರೂ ನಿಲ್ಲಬೇಕಿಲ್ಲ. ಎಸ್‌ಡಿಎಂಸಿಯ ತಾಯಂದಿರು ಸರದಿಯ ಮೇಲೆ ಬರಬಹುದು. ಆನ್‌ಲೈನ್ ಕೆಲಸ ಮಕ್ಕಳು ಮನೆಗೆ ಹೋದ ಮೇಲೆ, ಒಬ್ಬರೇ, ಸರದಿಯಂತೆ. ಮೇಲೆ ಹೇಳಿದ ಒಂದೂವರೆ ಗಂಟೆಯಲ್ಲಿ ಫೋನು ಮೇಜಿನ ಖಾನೆಯಲ್ಲಿರಲಿ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯ ಹೊರತು ಬೇರೆ ಶೈಕ್ಷಣಿಕವಲ್ಲದ ಕೆಲಸಕ್ಕೆ ಶಿಕ್ಷಕರನ್ನು ಕಳಿಸುವಂತಿಲ್ಲ ಎನ್ನುತ್ತದೆ. ಶಿಕ್ಷಕರು ಈ ಮಾತು ಎತ್ತಲು ಹಿಂಜರಿಯುತ್ತಾರೆ. ಎಸ್‌ಡಿಎಂಸಿ ಬಿಇಒ ಅವರಿಗೆ ಪತ್ರ ಬರೆದರೆ ಅದಕ್ಕೆ ಬೇರೆಯ ತೂಕವಿರುತ್ತದೆ.

ಶಿಕ್ಷಕರ ಕೊರತೆಯ ಬಗ್ಗೆಯೂ ನೇರವಾಗಿ ಹೇಳಬೇಕು. ಅದೇ ಕಾಯ್ದೆಯಲ್ಲಿ ಐದನೇ ತರಗತಿವರೆಗೆ 60 ಮಕ್ಕಳಿಗೆ ಇಬ್ಬರು, 61ರಿಂದ 90ಕ್ಕೆ ಮೂವರು ಶಿಕ್ಷಕರ ಲೆಕ್ಕವಿದೆ. ಅಂದರೆ ಎಲ್ಲ ಹುದ್ದೆ ತುಂಬಿದರೂ ಸಣ್ಣ ಶಾಲೆಯಲ್ಲಿ ಒಬ್ಬರು ಎರಡು ಮೂರು ತರಗತಿ ನೋಡಲೇಬೇಕು. ಖಾಲಿ ಹುದ್ದೆಗೆ, ಅತಿಥಿ ಶಿಕ್ಷಕರಿಗೆ ಒತ್ತಾಯಿಸುತ್ತಲೇ ಇರಿ. ತರಗತಿಗೊಬ್ಬರು ಬಂದ ಮೇಲೆ ನೋಡೋಣ ಎಂದು ಕಾಯುತ್ತ ಕೂತರೆ ಈಗಿನ ಮಕ್ಕಳು ಹೈಸ್ಕೂಲು ತಲುಪಿರುತ್ತಾರೆ.

ಶಿಕ್ಷಕರು ಒಬ್ಬರಿಂದೊಬ್ಬರು ಕಲಿಯಲು ಶನಿವಾರ ಇದೆ. ಬೆಳಗಿನ ಶಾಲೆ ಮುಗಿದ ಮೇಲೆ ಒಂದು ಗಂಟೆ ಮೂವರೂ ಕೂತು ಮೂರೇ ಮಕ್ಕಳ ಬಗ್ಗೆ ಮಾತಾಡಲಿ: ಈ ವಾರ ಮುಂದೆ ಹೋಗದೆ ನಿಂತಿರುವ ಮೂವರು. ಎಲ್ಲಿ ನಿಂತಿದ್ದಾರೆ, ಏನು ಮಾಡಿ ನೋಡಿದೆವು, ಬರುವ ವಾರ ಏನು. ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಅರ್ಧ ಗಂಟೆ ಹಿಂದೆ ಕೂತು ನೋಡುವುದೂ ಆಗಬೇಕು. ನೋಡುವಾಗ ಒಂದೇ ಪ್ರಶ್ನೆ ಇರಲಿ: ಯಾವ ಮಕ್ಕಳು ಒಂದು ಮಾತೂ ಆಡಲಿಲ್ಲ? ಸಿಆರ್‌ಪಿಯವರು ಭೇಟಿಗೆ ಬಂದಾಗ ದಾಖಲೆ ತೋರಿಸಿ ಕಳಿಸುವ ಬದಲು, ಇಬ್ಬರು ಮಕ್ಕಳನ್ನು ಓದಿಸಿ ನೋಡಿ ಎಂದು ಕೇಳಿಕೊಳ್ಳಿ. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿಯೂ ಇದೇ ವಿಷಯವನ್ನು ಮುಂದಿಡಬಹುದು.

ಎಷ್ಟು ಪ್ರಯತ್ನಿಸಿದರೂ ಕೆಲವು ಮಕ್ಕಳು ಕದಲುವುದಿಲ್ಲ. ಅವರನ್ನು ‘ಸೋಮಾರಿ’ ಎನ್ನುವ ಮೊದಲು ಕಣ್ಣು, ಕಿವಿ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಆ ಮಕ್ಕಳ ಹೆಸರನ್ನು ಮೊದಲೇ ಕೊಡಿ. ಹಲಗೆ ಕಾಣದೆ ಮೂರು ವರ್ಷ ಹಿಂದುಳಿದ ಮಗುವಿಗೆ ಬೇಕಾಗಿದ್ದದ್ದು ಒಂದು ಕನ್ನಡಕ. ಕಲಿಕೆಯ ಬೇರೆ ತೊಡಕಿದ್ದರೆ, ವಿಶೇಷ ಅಗತ್ಯದ ಮಕ್ಕಳಿಗೆಂದು ಬಿಆರ್‌ಸಿಯಲ್ಲಿರುವ ಬಿಐಇಆರ್‌ಟಿ ಶಿಕ್ಷಕರನ್ನು ಕರೆಸಿ.

ಮನೆಯವರು

ಗೈರುಹಾಜರಿ ದೊಡ್ಡ ರೋಗ. ಯಾದಗಿರಿ, ರಾಯಚೂರು, ಕಲಬುರಗಿಯ ಕಡೆ ದೀಪಾವಳಿ ಆಸುಪಾಸಿಗೆ ಮನೆಮಂದಿಯೆಲ್ಲ ಗುಳೆ ಹೊರಡುತ್ತಾರೆ. ಹೋಗುವ ಮೊದಲು ಮಗುವಿನ ಮಟ್ಟ ಬರೆದ ಚೀಟಿ ಮತ್ತು ಎರಡು ಕಥೆಪುಸ್ತಕ ಕೊಟ್ಟು ಕಳಿಸಿ. ಅಜ್ಜ ಅಜ್ಜಿಯ ಬಳಿ ಬಿಡಬಹುದೇ, ಋತುಮಾನದ ವಸತಿ ವ್ಯವಸ್ಥೆ ಹತ್ತಿರದಲ್ಲಿ ಇದೆಯೇ ಎಂದು ವಿಚಾರಿಸಿ. ವಾಪಸು ಬಂದ ದಿನ ಬೈಯದೆ ಓದಿಸಿ ನೋಡಿ, ಸರಿಯಾದ ಗುಂಪಿಗೆ ಸೇರಿಸಿ. ಊರಲ್ಲೇ ಇದ್ದು ತಪ್ಪಿಸಿಕೊಳ್ಳುವ ಮಗುವಿನ ಮನೆಗೆ ಮೂರನೇ ದಿನವೇ ಫೋನು ಹೋಗಬೇಕು. ‘ಯಾಕವ್ವ, ಮಗಳಿಗೆ ಹುಷಾರಿಲ್ವಾ?’ ಎಂದು ಕೇಳುವ ದನಿಯಲ್ಲಿ, ನೋಟಿಸಿನ ದನಿಯಲ್ಲಿ ಅಲ್ಲ.

ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ ನಮ್ಮಲ್ಲಿ 2001ರಲ್ಲಿ ಎಸ್‌ಡಿಎಂಸಿಗಳು ಬಂದವು. ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಶಾಲಾಭಿವೃದ್ಧಿ ಯೋಜನೆ ತಯಾರಿಸುವುದೂ ಈ ಸಮಿತಿಯ ಕೆಲಸ. ಕೂಲಿಗೆ ಹೋಗುವವರು ಹಗಲು ಹನ್ನೊಂದಕ್ಕೆ ಸಭೆ ಕರೆದರೆ ಬರುವುದಿಲ್ಲ. ಸಂಜೆಯೋ ಸಂತೆಯಿಲ್ಲದ ದಿನವೋ ಕರೆಯಿರಿ. ಸಭೆಯಲ್ಲಿ ಅಂಕಪಟ್ಟಿ ಓದುವ ಬದಲು ಮಕ್ಕಳಿಂದ ಓದಿಸಿ. ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ದಿನ ಪ್ರತಿ ಮಗುವೂ ತನ್ನ ತಾಯಿಯ ಮುಂದೆ ಕೂತು, ತಾನು ಈಗಿರುವ ಮೆಟ್ಟಿಲಿನ ಒಂದು ಪುಟ ಓದಲಿ. ಓದಲು ಬಾರದ ತಾಯಿಗೂ ಮಗ ತಡವರಿಸುತ್ತಿದ್ದಾನೋ ಸರಾಗವಾಗಿ ಓದುತ್ತಿದ್ದಾನೋ ತಿಳಿಯುತ್ತದೆ. ಎ ಪ್ಲಸ್, ಬಿ ಪ್ಲಸ್ ನೋಡಿದರೆ ಅದು ತಿಳಿಯುವುದಿಲ್ಲ.

ಆ ಸಭೆಯಲ್ಲಿ ಇಂಗ್ಲಿಷಿನ ಪ್ರಶ್ನೆ ಖಂಡಿತ ಏಳುತ್ತದೆ. ಹಳದಿ ಬಸ್ಸು ಊರ ಬಾಗಿಲಿಗೆ ಬರುತ್ತದೆ, ತಂದೆತಾಯಿ ಸಾಲ ಮಾಡಿ ಮಕ್ಕಳನ್ನು ಹತ್ತಿಸುತ್ತಾರೆ. ಅವರ ಆಸೆಯನ್ನು ಹೀಗಳೆಯಬೇಡಿ. ಕನ್ನಡದಲ್ಲಿ ಓದಿ ಅರ್ಥಮಾಡಿಕೊಳ್ಳಲು ಬಂದ ಮಗುವಿಗೆ ಇಂಗ್ಲಿಷ್ ಓದು ಬೇಗ ಹತ್ತುತ್ತದೆ ಎಂದು ವಿವರಿಸಿ. ಹಾಗೆಯೇ ಒಂದನೇ ತರಗತಿಯಿಂದ ದಿನಕ್ಕೆ ಇಪ್ಪತ್ತು ನಿಮಿಷ ಇಂಗ್ಲಿಷ್ ಮಾತು, ಆಟ, ಹಾಡು ನಿಜವಾಗಿಯೂ ನಡೆಸಿ ತೋರಿಸಿ. ಬಾಯಿಮಾತಿನ ಭರವಸೆಯನ್ನು ಪೋಷಕರು ನಂಬುವುದಿಲ್ಲ, ನಂಬಬೇಕಾದ ಕಾರಣವೂ ಇಲ್ಲ.

ಕಟ್ಟಡದ ವಿಷಯ ಕೊನೆಗೆ ತಂದಿದ್ದೇನೆ, ಅದು ಚಿಕ್ಕದೆಂದಲ್ಲ. ಕ್ರಮ ಹೀಗಿರಲಿ: ನೀರಿರುವ ಶೌಚಾಲಯ, ಸೋರದ ಚಾವಣಿ, ಬೆಳಕು, ಕುಡಿಯುವ ನೀರು, ಆಮೇಲೆ ಬಣ್ಣ, ಆಮೇಲೆ ಟಿವಿ. ಶೌಚಾಲಯಕ್ಕೆ ನೀರಿಲ್ಲದ ಶಾಲೆಗೆ ಆರು ಏಳನೇ ತರಗತಿಯ ಹುಡುಗಿಯರು ತಿಂಗಳಲ್ಲಿ ಕೆಲವು ದಿನ ಬರುವುದೇ ಇಲ್ಲ. ಇದನ್ನು ಗ್ರಾಮ ಪಂಚಾಯಿತಿಯ ಮುಂದಿಡಲು ಮಕ್ಕಳ ಗ್ರಾಮಸಭೆ ಇದೆ. ನವೆಂಬರ್ ಹೊತ್ತಿಗೆ ನಡೆಯುವ ಆ ಸಭೆಯಲ್ಲಿ ಮಕ್ಕಳೇ ಎದ್ದು ನಿಂತು ಕೇಳಿದರೆ ಪಿಡಿಒ ಉತ್ತರ ಕೊಡಬೇಕಾಗುತ್ತದೆ. ಶಾಲೆಗೆ ಕಾಂಪೌಂಡು, ಶೌಚಾಲಯ, ಅಡುಗೆಕೋಣೆಯನ್ನು ಪಂಚಾಯಿತಿ ಯೋಜನೆಗಳಲ್ಲಿ ಕಟ್ಟಿಸಿಕೊಂಡ ಊರುಗಳು ರಾಜ್ಯದಲ್ಲಿ ಬೇಕಾದಷ್ಟಿವೆ.

ವರ್ಗಾವಣೆಗೆ ಮೊದಲೇ

ನವೆಂಬರಿನಲ್ಲೊಮ್ಮೆ, ಮಾರ್ಚಿನಲ್ಲೊಮ್ಮೆ ಎಲ್ಲ ಮಕ್ಕಳನ್ನೂ ಮೊದಲಿನಂತೆ ಒಬ್ಬೊಬ್ಬರಾಗಿ ಓದಿಸಿ. ಹೆಸರಿಲ್ಲದೆ, ಯಾವ ಮೆಟ್ಟಿಲಲ್ಲಿ ಎಷ್ಟು ಮಕ್ಕಳು ಎಂಬುದನ್ನು ಮಾತ್ರ ಶಾಲೆಯ ಹೊರಗೋಡೆಯ ಹಲಗೆಯ ಮೇಲೆ ಬರೆಯಿರಿ, ಜೂನ್ ತಿಂಗಳ ಸಂಖ್ಯೆಯನ್ನೂ ಪಕ್ಕದಲ್ಲಿಟ್ಟು. ಊರವರು ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ. ಮೊದಲ ವರ್ಷವೇ ಎಲ್ಲರೂ ಕಥೆ ಓದುವುದಿಲ್ಲ. ಅಕ್ಷರದ ಮೆಟ್ಟಿಲಲ್ಲಿ ಯಾರೂ ಉಳಿಯದಿದ್ದರೆ ಆ ವರ್ಷದ ಕೆಲಸ ಚೆನ್ನಾಗಿ ಆಗಿದೆ.

ಸರ್ಕಾರಿ ಶಾಲೆಯಲ್ಲಿ ಕಟ್ಟಿದ ಕೆಲಸ ಬಹಳ ಸಲ ಒಬ್ಬರ ವರ್ಗಾವಣೆಯ ಜೊತೆ ಮುಗಿದುಹೋಗುತ್ತದೆ. ಕೌನ್ಸೆಲಿಂಗ್ ಪಟ್ಟಿ ಬಂದ ಮೇಲೆ ಯೋಚಿಸಲು ಸಮಯ ಇರುವುದಿಲ್ಲ. ಆದ್ದರಿಂದ ಮೊದಲ ವರ್ಷದಿಂದಲೇ ಒಂದು ದಪ್ಪ ನೋಟ್‌ಬುಕ್ ಇಡಿ. ಪ್ರತಿ ಮಗುವಿಗೆ ಒಂದು ಪುಟ: ಮನೆಮಾತು, ಪ್ರತಿ ಸಲ ಓದಿಸಿದ ದಿನಾಂಕ ಮತ್ತು ಮೆಟ್ಟಿಲು, ಎಲ್ಲಿ ಸಿಕ್ಕಿಕೊಂಡಿತ್ತು, ಯಾವ ಉಪಾಯ ಹಿಡಿಸಿತು, ಮನೆಯಲ್ಲಿ ಯಾರ ಜೊತೆ ಮಾತಾಡಬೇಕು. ಕೊನೆಯ ಪುಟಗಳಲ್ಲಿ ವೇಳಾಪಟ್ಟಿ, ಓದಿಸಿದ ಹಾಳೆಗಳು, ಶನಿವಾರದ ಟಿಪ್ಪಣಿ. ಮುಖ್ಯ ಶಿಕ್ಷಕರು ಚಾರ್ಜು ಒಪ್ಪಿಸುವಾಗ ನಗದು ಪುಸ್ತಕ, ದಾಸ್ತಾನು ವಹಿ, ಬಿಸಿಯೂಟದ ಅಕ್ಕಿಮೂಟೆ ಎಲ್ಲವನ್ನೂ ಲೆಕ್ಕ ಹಾಕಿ ಸಹಿ ಪಡೆಯುತ್ತಾರೆ. ಆ ಚಾರ್ಜು ಪಟ್ಟಿಯಲ್ಲಿ ಈ ನೋಟ್‌ಬುಕ್ಕನ್ನೂ ಸೇರಿಸುವಂತೆ ಎಸ್‌ಡಿಎಂಸಿ ಈಗಲೇ ನಡಾವಳಿಯಲ್ಲಿ ಬರೆಸಿ ಠರಾವು ಮಾಡಿಕೊಳ್ಳಲಿ, ಅದರ ಒಂದು ಪ್ರತಿ ಬಿಇಒ ಕಚೇರಿಗೆ ಹೋಗಲಿ.